ಮನೆಯಲ್ಲಿದ್ದರೂ ನಮ್ಮದಲ್ಲ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗಿರಿಯಮ್ಮ, ನಾನು ಬಿ.ಕಾಂ. ಪುಸ್ತಕ ಹಿಡಿದು ಆಸ್ತಿ ಯಾವುದು, ಹೊಣೆ ಯಾವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದ ಕಾಲದಲ್ಲಿ.

ಹಿರೇಕೋಟೆಯ ರಾಜ ಧವಳರಾಯ ಡಂಗುರ ಸಾರಿಸಿದ: "ಕೇಳ್ರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಅಗಸರ ಕೆಂಚ ಆಸೆಪಟ್ಟ. ಒಗೆಯಲು ಬಂದಿದ್ದ ಶೆಟ್ಟರ ಜರಿಶಾಲು ಹೊದ್ದು ಹೊರಟ.

"ಅಣ್ಣ, ಅದು ಶೆಟ್ಟರದ್ದು ಕಣೋ," ಎಂದ ತಮ್ಮ ಮಾಚ.

"ಸಂಜೆಗೆ ಶೆಟ್ಟರನ್ನೇ ಕೊಂಡ್ಕೊಳ್ತೀನಿ, ಸುಮ್ನಿರೋ!"

ಸಂಜೆಗೆ ಶಾಲು ಮಾತ್ರ ಹಿಂದಿರುಗಿತು.

ಡಂಗುರವೇನೂ ನಿಲ್ಲಲಿಲ್ಲ. ಅದು ಮೊಳಗಿದಾಗಲೆಲ್ಲ ಅವ್ವ ಕೈಯಲ್ಲಿದ್ದ ಬಟ್ಟೆ ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಮಾಚ ತನ್ನದೇ ಹರಕು ಅಂಗಿ ತೊಟ್ಟು ಎದ್ದ.

"ನೀನೂ ಹೋದ್ರೆ ನಂಗ್ಯಾರೋ?"

"ಇದು ನಿಲ್ಲಬೇಕಲ್ಲ, ಅವ್ವ."

ಅರಮನೆಯಲ್ಲಿ ಅವನ ಮುಂದೆ ಇಬ್ಬರಿದ್ದರು. ರಾಜ ಮೊದಲ ಒಗಟು ಒಡ್ಡಿದ: "ನನ್ನ ಬೊಕ್ಕಸದಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಆದರೂ ನನ್ನದಲ್ಲ. ಏನದು?"

ಪಾಳೆಗಾರನ ಮಗ ಮೀಸೆ ತಿರುವಿದ. "ನಿಮ್ಮ ಮಗಳು! ಹೇಗಿದ್ದರೂ ನನ್ನವಳಾಗುವವಳು."

"ಮಗಳನ್ನು ಬೊಕ್ಕಸದಲ್ಲಿ ಇಡ್ತಾರೇನಯ್ಯ? ಕಟ್ಟಿಹಾಕಿ ಇವನನ್ನ!"

ಪಂಡಿತನೊಬ್ಬ "ಆಯುಷ್ಯ" ಎಂದ. ಅವನನ್ನೂ ಕಟ್ಟಿಹಾಕಿದರು.

ಮಾಚ ಕೈಮುಗಿದ. "ಜನ ನಂಬಿ ಇಟ್ಟುಹೋದ ಒಡವೆ, ಪ್ರಭು. ನಮ್ಮಣ್ಣನ ಮೈಮೇಲಿದ್ದ ಶಾಲು ಬಂತಲ್ಲ, ಅವ್ವ ಅದರ ರಕ್ತ ತೊಳೆದು, ಮಡಿಸಿ, ಶೆಟ್ಟರ ಮನೆಗೆ ಕೊಟ್ಟುಬಂದಳು. ಅವನ ವಾಸನೆ ಉಳಿದಿದ್ದು ಅದೊಂದರಲ್ಲೇ. ಆದರೂ ಇಟ್ಟುಕೊಳ್ಳೋ ಹಾಗಿರಲಿಲ್ಲ. ಹಿಂದಕ್ಕೆ ಕೊಡಬೇಕಾದ್ದು ಮನೆಯಲ್ಲಿದ್ದಷ್ಟು ದಿನವೂ ಹೊಣೆಯೇ."

ರಾಜ ಹೌದೆಂದು ತಲೆಯಾಡಿಸಿದ.

"ನನ್ನ ಹತ್ತಿರ ಇಲ್ಲ, ಮುಟ್ಟಲೂ ಸಿಗದು. ಆದರೂ ನನ್ನದೇ. ಏನದು?" ಎಂದ ರಾಜ.

"ಬರಬೇಕಾದ್ದು. ವರ್ಷವೆಲ್ಲ ಊರ ಬಟ್ಟೆ ಒಗೀತೀವಿ. ಸುಗ್ಗಿಯಲ್ಲಿ ನಮ್ಮ ಪಾಲಿನ ರಾಗಿ ಅಳೀತಾರೆ. ಈಗದು ಗೌಡರ ಹೊಲದಲ್ಲಿ ಹಸಿರಾಗಿ ನಿಂತಿದೆ. ನಿಂತಿರೋದು ಅವರ ಹೊಲದಲ್ಲಾದ್ರೂ ದುಡಿದಾಗಿದೆಯಲ್ಲ, ನಮ್ಮ ಆಸ್ತಿ."

ಮೂರನೆಯದನ್ನು ಕೇಳುವಾಗ ರಾಜನ ದನಿ ಇಳಿಯಿತು. "ಕೊಡಲೇಬೇಕು. ಕೊಡಲು ಗಂಟೂ ಇದೆ. ಆದರೂ ತೀರುವುದಿಲ್ಲ. ಏನದು?"

"ಸತ್ತವರಿಗೆ ಕೊಡಬೇಕಾದ್ದು. ತಗೊಳ್ಳೋ ಕೈಯೇ ಇಲ್ಲ."

"ಹೌದಪ್ಪ. ನನ್ನ ರಾಣಿ ಒಡವೆಯೆಲ್ಲ ಮಾರಿ ಈ ಕೋಟೆ ಉಳಿಸಿದಳು. ನಾನು ತೀರಿಸುವ ಮೊದಲೇ ಹೋದಳು. ಬೊಕ್ಕಸ ತುಂಬಿದ್ದರೂ ನಾನು ಬಡವ. ಇದು ತಿಳಿದ ಅಳಿಯ ಬೇಕಿತ್ತು."

"ನಿಮ್ಮ ಆ ಲೆಕ್ಕದಲ್ಲಿ ಈಗ ನಮ್ಮಣ್ಣನೂ ಇದ್ದಾನೆ, ಪ್ರಭು."

ರಾಜ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಏನು ಬೇಕು ಕೇಳು."

"ಡಂಗುರ ನಿಲ್ಲಲಿ. ಕಟ್ಟಿಹಾಕಿದ ಇಬ್ಬರನ್ನೂ ಬಿಡಿ, ಅವರ ಮನೆಯಲ್ಲೂ ತಾಯಂದಿರು ಕಾಯ್ತಿರ್ತಾರೆ. ರಾಜಕುಮಾರಿ ಯಾರನ್ನು ಒಪ್ಪುತ್ತಾರೋ ಅವರಿಗೇ ಕೊಡಿ. ಅರ್ಧ ರಾಜ್ಯ ಬೇಡ, ಜೊತೆಗೆ ಅರ್ಧ ಸಾಲವೂ ಬರುತ್ತೆ."

ಹಾಗೇ ಆಯಿತು. ರಾಜ ಅವನನ್ನು ಬೊಕ್ಕಸದ ಪಾರುಪತ್ಯಗಾರನನ್ನಾಗಿ ಮಾಡಿ, ಒಂದು ಗಾಡಿ ಹೊನ್ನು ಕೊಟ್ಟು ಕಳಿಸಿದ.

ಅವ್ವ ಗಾಡಿಯನ್ನು ಸುತ್ತಿ ನೋಡಿದಳು. "ಯಾರದ್ದೋ ಇದು? ಯಾವಾಗ ವಾಪಸು ಕೊಡಬೇಕು?"

"ಕೊಡೋದಿಲ್ಲ, ಅವ್ವ. ನಮ್ಮದೇ."

"ಪೂರ್ತಿ ನಮ್ದಾ? ಏನು ಬೇಕಾದ್ರೂ ಮಾಡಬೋದಾ?"

"ಹೂಂ."

ಅವಳು ಮಗನ ತೋಳು ಹಿಡಿದುಕೊಂಡಳು. "ಹಾಗಾದ್ರೆ ಇದನ್ನ ಅವರಿಗೇ ಕೊಟ್ಟು, ಕೆಂಚನ್ನ ಕರ್ಕೊಂಡು ಬಾರೋ."

ಮೂರು ಒಗಟು ಬಿಡಿಸಿ ಬಂದವನು ಅವ್ವನನ್ನು ತಬ್ಬಿಕೊಂಡ.

ಕತೆ ಕೇಳಿದಿರಲ್ಲ, ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ. ಇನ್ನೊಬ್ಬರಿಗೆ ದಾಟಿಸಿ. ಅಲ್ಲಿಯವರೆಗೂ ಇದು ನಿಮ್ಮ ಮೇಲಿನ ಹೊಣೆ.