ಗುರುಗಳು ಗಟಾರಕ್ಕಿಳಿದ ದಿನ

ಪೂಜ್ಯ ಗುರುಪಾದಯ್ಯನವರಿಗೆ ಮಠವೆಂದರೆ ಹುಬ್ಬಳ್ಳಿಯ ಹಳೆಯ ಜಿನ್ನಿಂಗ್ ಮಿಲ್ಲಿನ ಹಿಂದೆ, ಜೋಪಡಪಟ್ಟಿಯ ನಡುವೆ ಇದ್ದ ಒಂದು ತಗಡಿನ ಖೋಲಿ. ಅದಕ್ಕಿಂತ ಹೆಚ್ಚಿನದನ್ನು ಅವರು ಎಂದೂ ಬಯಸಿದವರಲ್ಲ.

ಆ ಪಟ್ಟಿಯಲ್ಲಿ ಯಮನೂರಪ್ಪನೆಂಬ ನಳದ ಮಿಸ್ತ್ರಿಯಿದ್ದ. ಕೈಕೆಲಸದಲ್ಲಿ ಭಲೇ ಗಟ್ಟಿಗ. ಕಾವಿ ಕಂಡರೆ ಮಾತ್ರ ಮೂಗು ಮುರಿಯುವವನು. ಗಟಾರದೊಳಗೆ ಹಾದುಹೋಗಿದ್ದ ದೊಡ್ಡ ಪೈಪಿಗೆ ತೂತು ಕೊರೆದು, ರಬ್ಬರ್ ಪೈಪು ಸಿಕ್ಕಿಸಿ, ನಲವತ್ತು ಮನೆಗೆ ನೀರು ತಂದುಕೊಟ್ಟವನೂ ಅವನೇ. ಸಂಡಾಸಿನ ಹೊಲಸೆಲ್ಲ ಹರಿಯುತ್ತಿದ್ದದ್ದೂ ಅದೇ ಗಟಾರಕ್ಕೆ!

ಒಂದು ಬೆಳಿಗ್ಗೆ ಅವನ ಹೆಂಡತಿ ಶಂಕ್ರವ್ವ, ವಾಂತಿಭೇದಿಯಿಂದ ಬಾಡಿಹೋದ ಆರು ವರ್ಷದ ಮಗಳನ್ನು ಹೊತ್ತು ಪೂಜ್ಯರಲ್ಲಿಗೆ ಓಡಿಬಂದಳು.

"ಅಪ್ಪಾರ, ಪಾದೋದಕ ಕೊಡ್ರಿ. ನನ್ನ ಕೂಸು ಉಳೀಬೇಕ್ರೀ!"

ಹಿಂದೆಯೇ ಬಂದ ಯಮನೂರಪ್ಪ, "ಕಾಲು ತೊಳದ ನೀರು ಕುಡದ್ರ ಜಡ್ಡು ಹೋಕ್ಕೈತೇನು?" ಎಂದು ಸಿಡುಕಿದ.

ಅಲ್ಲಿದ್ದ ಭಕ್ತರಿಗೆ ಸಿಟ್ಟು ನೆತ್ತಿಗೇರಿತು. ಪೂಜ್ಯರು ಶಾಂತವಾಗಿ, "ಅವ ಹೇಳೂದು ಖರೆ ಐತಿ. ಇದೂ ಅದ ಗಟಾರದಾಗಿನ ನಳದ ನೀರು, ಕೂಸಿಗೆ ಕೊಡಂಗಿಲ್ಲ. ಮೊದಲ ದವಾಖಾನಿಗೆ ನಡೀರಿ" ಎಂದರು. ಎಂಥ ಮಾತು ನೋಡಿ! ತಮ್ಮ ಪಾದೋದಕವನ್ನು ತಾವೇ ಬೇಡವೆಂದ ಗುರುಗಳನ್ನು ನಾವು ಬೇರೆಲ್ಲೂ ಕಂಡಿಲ್ಲ.

ಕುಡಿದ ನೀರಿನಿಂದಲೇ ಈ ಬೇನೆ ಎಂದು ಡಾಕ್ಟರು ಹೇಳಿದರು. ಮಧ್ಯಾಹ್ನ ಮಗಳ ಬಟ್ಟೆ ಒಯ್ಯಲು ಬಂದ ಯಮನೂರಪ್ಪ ದಂಗಾಗಿ ನಿಂತ. ಪೂಜ್ಯರು ಮೊಣಕಾಲುದ್ದ ಗಟಾರದಲ್ಲಿಳಿದು ಪೈಪು ತಡಕಾಡುತ್ತಿದ್ದರು.

"ಅಯ್ಯಯ್ಯೋ, ಮ್ಯಾಲ ಬರ್ರಿ ಅಪ್ಪಾರ!"

"ಎಲ್ಲೆಲ್ಲಿ ತೂತು ಕೊರದೀ ಅನ್ನೂದು ನಿನಗ ಗೊತ್ತು. ತೋರಸು ಬಾ."

ಬೈಗುಳಕ್ಕೆ ಅವನು ಜಗ್ಗುತ್ತಿರಲಿಲ್ಲ. ಈ ಮಾತಿಗೆ ಕುಸಿದ. "ನನ್ನ ಕೂಸಿಗೆ ನಾನ ವಿಷಾ ಕುಡಿಸಿದೆ" ಎನ್ನುತ್ತ ಗಟಾರಕ್ಕೆ ಧುಮುಕಿ, ಮೊದಲು ತನ್ನ ಮನೆಯ ಪೈಪನ್ನೇ ಕಿತ್ತೆಸೆದ. ನೀರು ನಿಲ್ಲುತ್ತದೆಂದು ಜಗಳಕ್ಕೆ ಬಂದ ನೆರೆಯವರು ಅದನ್ನು ಕಂಡು ತಾವೂ ಸಲಿಕೆ ತಂದರು. ಹೊಸ ನಳಕ್ಕೆ ಪಾಲಿಕೆಯ ಒಪ್ಪಿಗೆಯೂ ಸಿಕ್ಕಿತು. ಹೊಸ ಪೈಪು ಗಟಾರ ಬಿಟ್ಟು ಗೋಡೆಗುಂಟ ಏರಿತು. ಸಂಡಾಸುಗಳಿಗೆ ಮುಚ್ಚಿದ ಗುಂಡಿ ತೋಡುವ ಕೆಲಸ ಭರದಿಂದ ಸಾಗಿತು.

ಎಂಟನೆಯ ದಿನ ಮಗಳು ತಾಯಿಯ ಕೈ ಹಿಡಿದು ನಡೆದುಕೊಂಡೇ ಬಂದಳು. ಯಮನೂರಪ್ಪ ಗುಂಡಿಯಿಂದ ಮೇಲೆದ್ದು, ಪಕ್ಕದಲ್ಲೇ ರಾಡಿ ಹೊರುತ್ತಿದ್ದ ಪೂಜ್ಯರಿಗೆ ನಮಸ್ಕರಿಸಲು ಬಾಗಿದವನು ತನ್ನ ರಾಡಿ ಕೈ ಕಂಡು ಹಿಂಜರಿದ.

ಪೂಜ್ಯರು ನಕ್ಕರು. "ನನ್ನ ಕಾಲೂ ಅಷ್ಟ ಹೊಲಸ ಅದಾವ. ಮುಟ್ಟೋ ತಮ್ಮಾ."

ಯಮನೂರಪ್ಪ ಆ ಪಾದಗಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಬಹಳ ಹೊತ್ತು ಬಿಡಲೇ ಇಲ್ಲ.