ಮುಳ್ಳುಹಂದಿ ಕೇಳಿದ ತೂಬು

ಬೇಸಿಗೆಗೆಂದು ಕಾಡಿನಲ್ಲಿ ಕಲ್ಲಿನ ನೀರುತೊಟ್ಟಿ ಕಟ್ಟುವುದೆಂದು ತೀರ್ಮಾನವಾಯಿತು. ಕಟ್ಟುವ ಕರಡಿಗಳ ಊಟಕ್ಕೆ ಪ್ರತಿ ಪ್ರಾಣಿಯೂ ದಿನಕ್ಕೊಂದು ಗೆಡ್ಡೆ ತೆರಿಗೆ ಕೊಡಬೇಕೆಂದು ಮುಖಂಡನಾದ ಆನೆ ವಿಧಿಸಿತು. ಆನೆಗೆ ಒಂದು ಗೆಡ್ಡೆ ಲೆಕ್ಕಕ್ಕೇ ಇಲ್ಲ. ಮುಳ್ಳುಹಂದಿಗೆ ಅದು ಮರಿಗಳ ಊಟ. ಆದರೂ ಅದು ತಪ್ಪದೆ ಕೊಟ್ಟಿತು.

ತೊಟ್ಟಿ ಆನೆಯ ಎದೆಯೆತ್ತರಕ್ಕೆ ಎದ್ದಿತು. ಹಳ್ಳ ಬತ್ತಿದಾಗ ಮುಳ್ಳುಹಂದಿ ಬಾಯಾರಿದ ಮರಿಗಳೊಡನೆ ಬಂದರೆ ನೀರು ಎಟುಕಲಿಲ್ಲ.

"ಪಾಪ, ಬಡಪ್ರಾಣಿ! ಬಾಯಿ ತೆರೆ, ಧರ್ಮಕ್ಕೆ ನಾಲ್ಕು ಹನಿ ಚಿಮುಕಿಸುತ್ತೇನೆ" ಎಂದಿತು ಆನೆ, ಸೊಂಡಿಲೆತ್ತಿ.

ಮುಳ್ಳುಹಂದಿಯ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. "ಒಡೆಯರೇ, ನಾನು ಭಿಕ್ಷೆಗೆ ಬಂದಿಲ್ಲ. ನನ್ನ ಮಕ್ಕಳು ಹಸಿದು ಮಲಗಿದ್ದರಿಂದ ಎದ್ದ ಗೋಡೆ ಇದು. ಬುಡದಲ್ಲಿ ಒಂದು ತೂಬು ತೆಗೆಸಿ, ಕೆಳಗೊಂದು ಬಾನಿ ಇಡಿಸಿ."

"ಆಗದೆಂದರೆ?"

"ಆಗುವ ತನಕ ಇಲ್ಲೇ ನಿಲ್ಲುತ್ತೇನೆ."

ಮೊಲ, ಆಮೆ, ಮುಂಗುಸಿ ಒಂದೊಂದಾಗಿ ಬಂದು ಅದರ ಪಕ್ಕ ನಿಂತವು. ಇವರೆಲ್ಲ ಗೆಡ್ಡೆ ಕೊಡುವುದನ್ನು ನಿಲ್ಲಿಸಿದರೆ ಮುಂದೆ ಕಾಡಿನಲ್ಲಿ ಒಂದು ಕಲ್ಲೂ ಅಲುಗದೆಂದು ಆನೆಗೆ ಆಗ ಹೊಳೆಯಿತು. ಅದು ಕರಡಿಗಳನ್ನು ಕರೆಯಿತು. ತೂಬು ತೆರೆಯಿತು, ಬಾನಿ ತುಂಬಿತು, ಮರಿಗಳು ಹೊಟ್ಟೆ ತುಂಬ ಕುಡಿದವು.

"ಕೃತಜ್ಞತೆ ಹೇಳುವುದಿಲ್ಲವೇ?" ಎಂದು ಆನೆ ಕೇಳಿತು.

"ಸ್ವಂತ ಮನೆಯ ನೀರು ಕುಡಿದವರು ಯಾರಿಗೆ ಕೃತಜ್ಞತೆ ಹೇಳಬೇಕು?" ಎಂದು ಮುಳ್ಳುಹಂದಿ ತಲೆಯೆತ್ತಿ ನಡೆಯಿತು.