ದೇವರ ಪಾಲಿನ ಬೆಲ್ಲ

“ಗುರುಗಳೇ, ಮನೆ ಬಿಟ್ಟೆ, ಹೊಲ ಬಿಟ್ಟೆ, ಹೆಸರನ್ನೂ ಬಿಟ್ಟೆ. ನನ್ನಷ್ಟು ಬಿಟ್ಟವರು ಈ ಮಠದಲ್ಲಿ ಇನ್ನೊಬ್ಬರಿಲ್ಲ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತ ಮೊದಲ ಸಲ ಕಬ್ಬು ಬೆಳೆದ. ಮೊದಲ ಬೆಲ್ಲದ ಅಚ್ಚನ್ನು ನಡೆದೇ ಹೋಗಿ ಬೆಟ್ಟದ ದೇವರಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತ. ಸುತ್ತಿನ ಹಳ್ಳಿಗಳಲ್ಲಿ ಅಂಥ ಬೆಲ್ಲ ಇರಲಿಲ್ಲ. ಅದನ್ನು ಹೆಗಲಿಗೇರಿಸಿಕೊಂಡು ಪಾದಯಾತ್ರೆಯ ಗುಂಪಿಗೆ ತಾನೇ ಮುಂದಾಗಿ ನಡೆದ. ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ದಾರಿಯಲ್ಲಿ ಕರಡಿಗಳ ಕಾಡು. ಅಲ್ಲಿ ನಮ್ಮ ಪಾದಯಾತ್ರಿಗಳದೊಂದು ಪದ್ಧತಿ ಇದೆ, ಹೇಳಿಕೊಳ್ಳಲು ನನಗೂ ಹೆಮ್ಮೆ. ಹೊತ್ತು ಮುಳುಗುವ ಮುಂಚೆ ಎಲ್ಲರ ಬುತ್ತಿಯನ್ನೂ ಒಂದೇ ಗಂಟು ಕಟ್ಟಿ, ಮಲಗುವ ಜಾಗದಿಂದ ಕೂಗಳತೆ ದೂರದಲ್ಲಿ, ಎಳೆ ಕೊಂಬೆಯ ತುದಿಗೆ ತೂಗುಹಾಕುತ್ತಾರೆ. ಕರಡಿ ಮರ ಹತ್ತುತ್ತದೆ, ಆದರೆ ತನ್ನ ಭಾರ ತಾಳದ ಕೊಂಬೆಗೆ ಕಾಲಿಡುವುದಿಲ್ಲ. ಬಡವನ ರೊಟ್ಟಿ, ಬಲ್ಲಿದನ ಹೋಳಿಗೆ, ಎಲ್ಲ ಆ ಒಂದೇ ಗಂಟಿನಲ್ಲಿ.

ಗುಂಪಿನ ಹಿರಿಯಳೊಬ್ಬಳು ರೈತನ ಮುಂದೆ ಕೈಚಾಚಿದಳು. “ಬೆಲ್ಲಾನೂ ಕೊಡು ತಮ್ಮಾ.”

“ಇದು ದೇವರ ಪಾಲು ಅವ್ವಾ. ಉಳ್ಳಾಗಡ್ಡಿ ರೊಟ್ಟಿ ಜೋಡಿ ಕಟ್ಟಾಕ ಬರೂದಿಲ್ಲ.”

“ಕರಡಿಗೇನ್ ಮಡಿ ಗೊತ್ತೈತೇನಪ್ಪಾ?”

ಎಲ್ಲರೂ ನಕ್ಕರು. ರೈತ ನಗಲಿಲ್ಲ. ಬೆಲ್ಲವನ್ನು ಮಡಿಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಮಲಗಿದ. ದೇವರ ಸೊತ್ತನ್ನು ತಾನೊಬ್ಬನೇ ಕಾಯುತ್ತಿದ್ದೇನೆಂಬ ಹೆಮ್ಮೆಗೆ ಅವನಿಗೆ ಸರಿಯಾಗಿ ನಿದ್ದೆಯೂ ಹತ್ತಲಿಲ್ಲ.

ಬೆಳಗಿನ ಜಾವ ಕರಡಿ ಬಂತು. ಕೊಂಬೆಯ ಗಂಟನ್ನು ಕತ್ತೆತ್ತಿ ನೋಡಿ ಬಿಟ್ಟುಬಿಟ್ಟಿತು. ಬೆಲ್ಲದ ವಾಸನೆ ಹಿಡಿದು ನೇರ ಅವನ ಎದೆಯ ಮೇಲೇ ಎರಗಿತು. ಜನ ತಟ್ಟೆ ಬಡಿದು ಓಡಿಸುವಷ್ಟರಲ್ಲಿ ಅವನ ಹೆಗಲು ಹರಿದಿತ್ತು, ಬೆಲ್ಲ ಹೋಗಿತ್ತು. ಬಿಡಿಸಲು ಬಂದ ಹಿರಿಯಳ ಕೈಗೂ ಉಗುರು ತಾಗಿತ್ತು.

ಜೀವ ಉಳಿಯಿತು. ಗುಂಪು ಬೆಟ್ಟ ಮುಟ್ಟಿತು. ಉಳ್ಳಾಗಡ್ಡಿ ರೊಟ್ಟಿಯೂ ಮುಟ್ಟಿತು. ದೇವರ ಪಾಲೊಂದೇ ಮುಟ್ಟಲಿಲ್ಲ. ರೈತ ಗುಡಿಯ ಮುಂದೆ ಬರಿಗೈಯಲ್ಲಿ ನಿಂತು ಅತ್ತ.

ಕತೆ ಕೇಳಿ ಶಿಷ್ಯ ನಕ್ಕ. “ಊರು ಮನೆ ಬಿಟ್ಟು ಅಷ್ಟು ದೂರ ನಡೆದವನಿಗೆ ಒಂದು ಅಚ್ಚು ಬೆಲ್ಲ ಬಿಡಲಾಗಲಿಲ್ಲವೇ?”

ಗುರುಗಳೆಂದರು: “ಹೋಗು, ‘ನನ್ನಷ್ಟು ಬಿಟ್ಟವರಿಲ್ಲ’ ಎಂಬ ನಿನ್ನ ಬೆಲ್ಲವನ್ನು ಮೊದಲು ಕೊಂಬೆಗೆ ಕಟ್ಟಿ ಬಾ.”